ಯಾರಿಗೂ ಕೊಡದ ಸ್ಟೇರಿಂಗು

ತಿಥಿಯ ದಿನ ಗಂಗಾರಾಮ ಚಪ್ಪಲಿ ಬಿಟ್ಟು ಒಳಗೆ ಬಂದಾಗ ನಾಗರತ್ನಾ ಮೊದಲು ನೋಡಿದ್ದು ಅವನ ಕಾಲುಗಳನ್ನು. ಉದ್ದನೆಯ ಕಾಲುಗಳು. ತೀರಿಹೋದ ಗಂಡ ಸಿದ್ದರಾಮನಿಗೂ ಅಷ್ಟೇ ಉದ್ದದ ಕಾಲುಗಳಿದ್ದವು. ಅವಳು ನೀರಿನ ಚೊಂಬನ್ನು ಅವನ ಮುಂದೆ ಹಿಡಿದಳು.

ಗಂಗಾರಾಮ ತಾಂಡೂರಿನವನು. ಗುಜರಿಗೆ ಹೋಗಿದ್ದ ಒಂದು ಕೆಂಪು ಮಾರುತಿಯನ್ನು ಎಳೆದು ತಂದು, ಸಿದ್ದರಾಮನ ಜೊತೆ ಕೂತು ಅದಕ್ಕೆ ಮತ್ತೆ ಜೀವ ಬರಿಸಿದವನು. ಫೋಟೋಗೆ ಹೂವು ಏರಿಸಿ, ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

"ಊಟ ಆದಮ್ಯಾಗ ಒಮ್ಮಿ ಗಾಡ್ಯಾಗ ಕುಂದರ್ತೀನ್ರಿ. ಅಂವ ಕುಂದರತಿದ್ದ ಜಾಗದಾಗ. ಒಂದು ಹಾರ್ನ್ ಹೊಡದು ಹೋಗ್ತೀನಿ."

ಕೂತವರೆಲ್ಲ ಹೂಂ ಅಂದರು. ನಾಗರತ್ನಾ ಕಾರು ನಿಂತಿದ್ದ ಶೆಡ್ಡಿನ ಕಡೆ ನೋಡಿದಳು.

ಅಲ್ಲಿ ಕೂತರೆ ಎಲ್ಲ ಮುಗಿಯಿತು. ಅವನ ಮೊಣಕಾಲು ಸ್ಟೇರಿಂಗಿಗೆ ಬಡಿಯುತ್ತದೆ. ಟಕ್ ಟಕ್ ಎಂದು ಹಲ್ಲು ಹಲ್ಲಾಗಿ ಸರಿಯುವ ಆ ಸೀಟು ಇನ್ನೂ ಮುಂದಕ್ಕೇ ಇದೆ, ಗಿಡ್ಡ ಹೆಂಗಸೊಬ್ಬಳ ಕಾಲು ಬ್ರೇಕಿಗೆ ಎಟುಕುವಷ್ಟು ಮುಂದಕ್ಕೆ. ಅಪಘಾತವಾದ ಆ ಸಂಜೆ ಕಾರು ನಡೆಸುತ್ತಿದ್ದವಳು ಅವಳೇ.

ಮನೂರಿನ ಕಡೆಯ ಖಾಲಿ ರಸ್ತೆಯಲ್ಲಿ ಸಿದ್ದರಾಮ ಅವಳಿಗೆ ಗುಟ್ಟಾಗಿ ಕಲಿಸುತ್ತಿದ್ದ. ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಕುರಿಮರಿ ಎತ್ತಿಕೊಂಡೇ ಬೆಳೆದವಳಿಗೆ ಮಂದೆಯ ಮೇಲೆ ಹಾಯಿಸಲು ಕೈ ಬರಲಿಲ್ಲ. ಎಡಕ್ಕೆ ತಿರುಗಿಸಿದಳು. ಹುಣಸೆಮರಕ್ಕೆ ಬಡಿದ ರಭಸಕ್ಕೆ ಬಾಗಿಲು ಕಿತ್ತು ಸಿದ್ದರಾಮ ಹೊರಗೆ ಬಿದ್ದ. ಅವಳೂ ತೆವಳಿಕೊಂಡು ಅವನ ಹತ್ತಿರ ಹೋದಳು. ಕುರಿ ಕಾಯುವವರು ಓಡಿ ಬಂದಾಗ ಇಬ್ಬರೂ ನೆಲದ ಮೇಲಿದ್ದರು. ಗಾಡಿ ಯಾರು ನಡೆಸುತ್ತಿದ್ದರು ಎಂದು ಪೊಲೀಸರು ಕೇಳಿದಾಗ, ಅವಳ ಬಾಯಿಂದ "ಅವರೇ" ಎಂಬ ಮಾತು ತಾನಾಗಿಯೇ ಹೊರಬಿತ್ತು.

ಎಲ್ಲರೂ ನಂಬಿದರು. ನಂಬದೆ ಏನು? "ಪ್ರಾಣ ಕೇಳ್ರಿ ಕೊಡ್ತೀನಿ, ಸ್ಟೇರಿಂಗ್ ಕೇಳಬ್ಯಾಡ್ರಿ" ಎಂದು ಜಹೀರಾಬಾದಿನ ತುಂಬ ಹೇಳಿಕೊಂಡು ತಿರುಗಿದವನು ಅವನು. ಅದೂ ಅಲ್ಲದೆ ಮನೆಯಲ್ಲಿ ಅವನ ತಾಯಿ ಲಕ್ಷ್ಮಿಬಾಯಿಯ ಕಾನೂನು ಒಂದಿತ್ತು. ನಾಗರತ್ನಾ ಆಸೆಯಿಂದ ಒಮ್ಮೆ ಬಾಯಿ ತೆರೆದಾಗಲೇ ಆ ಪುಟ್ಟ ಮುದುಕಿ ಗುಡುಗಿದ್ದಳು: "ಹೆಂಗಸ್ರು ಗಾಡಿ ನಡಸೂದು ನಮ್ಮ ಮನ್ಯಾಗ ಇಲ್ಲ."

ಆ ಮುದುಕಿಯೇ ಈಗ ನಾಗರತ್ನಾಳ ದೊಡ್ಡ ಭಯ. ಎಡಭಾಗ ನಜ್ಜುಗುಜ್ಜಾದ ಕಾರು ಮನೆಗೆ ಬಂದ ದಿನವೇ ಶೆಡ್ಡಿಗೆ ಬೀಗ ಹಾಕಿ, ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಮಂಚವನ್ನೂ ಶೆಡ್ಡಿನ ಬಾಗಿಲಿಗೇ ಎಳೆಸಿದ್ದಳು. ಸೀಟು ಹಿಂದಕ್ಕೆ ಸರಿಸಿಬಿಡೋಣವೆಂದು ನಾಗರತ್ನಾ ಕಸಬರಿಗೆ ಹಿಡಿದು ಅತ್ತ ಹೋದರೆ ಮುದುಕಿ ಎದ್ದು ಕೂತಿದ್ದಳು.

"ಅದರಾಗೇನದ ನಿಂದು?"

"ಕಸ ಹೊಡೀಬೇಕಂತ..."

"ಬ್ಯಾಡ. ಅದರ ಕಡಿ ಹೋಗಬ್ಯಾಡ ನೀ."

ಮುದುಕಿಗೆ ಗೊತ್ತಾಗಿದೆ. ಹತ್ತು ಜನರ ಮುಂದೆ ಬಯಲು ಮಾಡಲು ಈ ದಿನಕ್ಕಾಗಿ ಕಾಯುತ್ತಿದ್ದಾಳೆ. ನಾಗರತ್ನಾ ಹಾಗೆಂದೇ ತಿಳಿದಳು. ಮೊದಲು ಪೊಲೀಸರು ಬರುತ್ತಾರೆ. ಆಮೇಲೆ ಗಂಡನನ್ನು ತಿಂದವಳು ಅನ್ನುತ್ತಾರೆ. ಮಗಳನ್ನು ಕಿತ್ತುಕೊಳ್ಳುತ್ತಾರೆ. ಅವಳಿಗೆ ಬೇರೆ ಯಾವುದರ ಚಿಂತೆಯೂ ಇರಲಿಲ್ಲ. ಮಗಳು ಉಳಿದರೆ ಸಾಕಿತ್ತು.

ಊಟಕ್ಕೆ ಕೂತವರು ಸಿದ್ದರಾಮನನ್ನು ನೆನೆಯುತ್ತಲೇ ಇದ್ದರು. ಓಣಿಯ ಮದುಮಕ್ಕಳನ್ನೆಲ್ಲ ಪುಕ್ಕಟೆ ಮೆರೆಸಿದವನು. ಮಗಳಿಗೆ ಮಾತು ಬರುವ ಮೊದಲೇ ಗೇರಿನ ಸದ್ದು ಕಲಿಸಿದವನು. ಹೆಂಡತಿ ಮುನಿಸಿಕೊಂಡರೆ ನಾರಾಯಣಖೇಡದವರೆಗೂ ಸುತ್ತಾಡಿಸಿ ನಗಿಸಿ ಕರೆತರುತ್ತಿದ್ದವನು. ತಾಯಿಯನ್ನಂತೂ ದಿನಾ ಬೆಳಿಗ್ಗೆ ಕಾರಿನಲ್ಲೇ ನ್ಯಾಲ್ಕಲ್ ಕಡೆಯ ಹೊಲಕ್ಕೆ ಕರೆದೊಯ್ಯುತ್ತಿದ್ದ, ಹೊಲದಲ್ಲಿ ಕೆಲಸ ಇರಲಿ ಬಿಡಲಿ. "ಇಂಥಾ ಮಗ ಯಾರಿಗದಾನ್ರಿ?" ಎಂದು ಒಬ್ಬರು ಅತ್ತರು. ನಾಗರತ್ನಾ ಅನ್ನ ಬಡಿಸುತ್ತ, ಗಂಗಾರಾಮನ ಎಲೆಗೆ ಬೇಡವೆಂದರೂ ಮತ್ತೆ ಮತ್ತೆ ಸುರಿದಳು. ಅವನು ಏಳುವುದು ತಡವಾದಷ್ಟೂ ಒಳ್ಳೆಯದಿತ್ತು.

ಅವನು ಎದ್ದೇ ಎದ್ದ.

ಲಕ್ಷ್ಮಿಬಾಯಿ ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು. ಕೊಡುವಾಗ ನೋಡಿದ್ದು ಮಾತ್ರ ಸೊಸೆಯನ್ನು. ನಾಗರತ್ನಾ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಶೆಡ್ಡಿನ ತಗಡು ಕಿರುಗುಟ್ಟಿತು. ಕಾರಿನ ಬಾಗಿಲು ತೆರೆದ ಸದ್ದು. ಅವಳು ಕಣ್ಣು ಮುಚ್ಚಿದಳು.

ಹಾರ್ನ್ ಕೂಗಿತು.

"ಅಂವ ಬಿಟ್ಟಂಗೇ ಅದ ನೋಡ್ರಿ," ಗಂಗಾರಾಮ ಒಳಗಿನಿಂದಲೇ ಕೂಗಿ ಹೇಳಿದ. "ಸೀಟು ಪೂರಾ ಹಿಂದ. ನನಗಂತೂ ಆರಾಮ ಕಾಲು ಚಾಚಾಕ ಬಂತು."

ಜನ ಒಬ್ಬೊಬ್ಬರಾಗಿ ಹೋದರು. ಮಗಳು ಗಂಗಾರಾಮನ ಗಾಡಿ ನೋಡಲು ಬೀದಿಗೆ ಓಡಿದಳು. ಶೆಡ್ಡಿನಲ್ಲಿ ಅತ್ತೆ, ಸೊಸೆ ಇಬ್ಬರೇ ಉಳಿದರು.

"ಅತ್ತೀ... ಸೀಟು..."

"ನಾ ಸರಿಸೀನಿ. ಗಾಡಿ ಮನಿಗಿ ಬಂದ ದಿನಾನೇ. ನೀ ಹೋಗಿ ಮತ್ತ ಅದಕ್ಕ ಕೈ ಹಚ್ಚಿ ಸಿಕ್ಕೊಂಡೀ ಅಂತ ಇಲ್ಲೇ ಮಂಚ ಹಾಕ್ಕೊಂಡಿದ್ದೆ."

ನಾಗರತ್ನಾ ಕುಸಿದು ಕೂತಳು. ಇಷ್ಟು ದಿನ ತಡೆದುಕೊಂಡ ಅಳುವೆಲ್ಲ ಒಮ್ಮೆಲೇ ಬಂತು. "ನಾನೇ ನಡಸ್ತಿದ್ದೆರಿ. ನಿಮ್ಮ ಮಗನ್ನ ನಾನೇ..."

"ಬಾಯಿ ಮುಚ್ಚು." ಮುದುಕಿಯ ಕಣ್ಣಲ್ಲೂ ನೀರಿತ್ತು. "ಕುರಿ ಮ್ಯಾಲ ನಾನಾದ್ರೂ ಹಾಯಿಸ್ತಿದ್ದಿಲ್ಲ. ಅಂವ ಹೋದ. ನೀನೂ ಹೋದ್ರ ಆ ಕೂಸಿಗ್ಯಾರು, ನನಗ್ಯಾರು?"

ಸ್ವಲ್ಪ ಹೊತ್ತು ಇಬ್ಬರೂ ಅತ್ತರು. ಆಮೇಲೆ ನಾಗರತ್ನಾ ಮೂಗು ಒರೆಸಿಕೊಂಡು ಕೇಳಿದಳು: "ಆದ್ರ ನಡಸ್ತಿದ್ದಾಕಿ ನಾನೇ ಅಂತ ನಿಮಗ ಹ್ಯಾಂಗ ಗೊತ್ತಾತು?"

"ದಿನಾ ಮುಂಜಾನಿ ಹೊಲದ ದಾರ್ಯಾಗ ನಾ ಗಾಡಿ ನಡಸೂವಾಗ," ಅಂದಳು ಲಕ್ಷ್ಮಿಬಾಯಿ, "ಸೀಟು ನೀ ಬಿಟ್ಟ ಜಾಗಕ್ಕಿಂತ ಇನ್ನೊಂದು ಹಲ್ಲು ಮುಂದ ಎಳಕೊಂತಿದ್ದೆನವ್ವ."