ಬಿಚ್ಚದ ಉಡುಗೊರೆ

ಡಿಸೈನರ್ ಅಂಗಡಿಯವರು ಮಾರಯ್ಯನ ಮೈಗೆ ತಾಮ್ರದ ಬಣ್ಣ ಬಳಿದು, ಡಬ್ಬಿಯೊಳಗೆ ಕೂರಿಸಿ, ಹೊರಗೆ ದೀಪದ ಕಂಬವೆಂದು ಚೀಟಿ ಅಂಟಿಸಿ ರಿಬ್ಬನ್ ಕಟ್ಟಿದ್ದರು. ಉಸಿರಿನ ತೂತಿನಿಂದ ನೋಡಿದರೆ ಹಾಲ್‌ನಲ್ಲಿ ಹೆಂಡತಿ ಸಾಕವ್ವ! ಎರಡು ವರ್ಷದಿಂದ ಅವಳು ಈ ಮನೆಯ ಕೊಡೆ ಸ್ಟ್ಯಾಂಡು. ಮಾರಯ್ಯ ಅಂಗಡಿಯವರ ಕೈಕಾಲು ಹಿಡಿದು ಇದೇ ಮನೆಗೆ ಬರುವ ಡಬ್ಬಿ ಸೇರಿದ್ದ. ಎದುರುಬದುರು ನಿಂತರೆ ಸಾಕಿತ್ತು ಅವನಿಗೆ.

"ರೀ, ಇನ್ನೊಂದು ದೀಪದ ಕಂಬ! ನಿಮ್ಮ ತಂಗಿಗೆ ಬೇರೇನೂ ಸಿಗಲಿಲ್ವಾ?" ಮನೆಯೊಡತಿ ಮುಖ ಸಿಂಡರಿಸಿದಳು.

"ಬಿಚ್ಚಬೇಡ ಮಾರಾಯ್ತಿ. ಯಾರದಾದ್ರೂ ಗೃಹಪ್ರವೇಶಕ್ಕೆ ದಾಟಿಸಿದರಾಯ್ತು," ಎಂದ ಗಂಡ.

ಮಾರಯ್ಯ ಕೂಗುವಂತಿರಲಿಲ್ಲ. ಮಾತಾಡಿದ ಸಾಮಾನು ನೇರ ಗುಜರಿಗೆ. ಒಮ್ಮೆ ಮೆಲ್ಲಗೆ ಕೆಮ್ಮಿದ.

ಆ ಕೆಮ್ಮು ಸಾಕವ್ವನಿಗೆ ಗೊತ್ತು. ಅವಳ ಕೈಯಿಂದ ಕೊಡೆ ಜಾರಿ ಬಿತ್ತು.

"ಥೂ, ಇದರ ಕೈ ಸಡಿಲಾಗಿದೆ. ಗುಜರಿಯವನಿಗೆ ಫೋನ್ ಹಾಕಿ," ಎಂದಳು ಒಡತಿ.

ಮಾರಯ್ಯನಿಗೆ ಮತ್ತೆ ಕೆಮ್ಮು ಬಂತು. ಬಾಯಿಗೆ ಮುಷ್ಟಿ ತುರುಕಿಕೊಂಡ.