ಒಂದು ಹಲ್ಲಿನ ಅಂತರ

"ರೀ, ಇದರಲ್ಲಿ ಎರಡೆರಡು ಗುರುತು ಇದೆಯಲ್ಲ?" ಟಾರ್ಚ್ ಹಿಡಿದು ನಿಂತಿದ್ದ ಕಾವೇರಮ್ಮ ಕೇಳಿದಳು. ನೋಯ್ಡಾದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಅಪ್ಪನ ಕಾಲದ ಕಾರಿನ ಎಂಜಿನ್ ಬಿಚ್ಚುತ್ತಿದ್ದ ನಿವೃತ್ತ ಸುಬೇದಾರ್ ಚಂಗಪ್ಪನ ಕೈ ನಿಂತಿತು.

ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ, ಸವೆದ ಟೈಮಿಂಗ್ ಗೇರುಗಳೆರಡೂ ಒಂದನ್ನೊಂದು ಕಚ್ಚಿಕೊಂಡೇ ಇದ್ದವು. ಕಂಪನಿಯವರು ಕೊರೆದ ಚುಕ್ಕಿಗಳು ಎದುರುಬದುರಾಗಿರಬೇಕಿತ್ತು. ಆದರೆ ಹಾಗೆ ಎದುರುಬದುರಾಗಿ ಕೂತಿದ್ದುದು ಉಳಿಯಲ್ಲಿ ಹೊಡೆದ ಎರಡು ಗೀರುಗಳು. ಚುಕ್ಕಿಗಳ ನಡುವೆ ಒಂದು ಹಲ್ಲಿನ ಅಂತರವಿತ್ತು. ಗೀರು ಅವನದೇ. ಬಿಚ್ಚುವ ಮೊದಲು ನಿಮ್ಮದೇ ಗುರುತು ಹಾಕಿಕೊಳ್ಳಿ ಎಂದು ಸೇನೆಯ ವರ್ಕ್‌ಶಾಪಿನಲ್ಲಿ ಕಲಿಸಿದ್ದರು. ಮದುವೆಯಾದ ವರ್ಷ ಇದೇ ಎಂಜಿನ್ ಬಿಚ್ಚಿದಾಗ ಅವನು ಗುರುತು ಹಾಕಿದ್ದು ಗೇರು ಒಂದು ಹಲ್ಲು ಜಾರಿದ ಮೇಲೆ; ಮತ್ತೆ ಜೋಡಿಸಿದ್ದೂ ಆ ತಪ್ಪು ಗುರುತಿಗೇ.

ಅಂದಿನಿಂದ ಏರು ಬಂದಲ್ಲೆಲ್ಲ ಕಾರು ಏದುಸಿರು ಬಿಡುತ್ತಿತ್ತು. ಪ್ರತಿ ವರ್ಗಾವಣೆಯಲ್ಲೂ ಅವನು "ನಿನ್ನ ಸಾಮಾನು ಜಾಸ್ತಿಯಾಯ್ತು ಕಾವೇರಿ" ಎನ್ನುತ್ತಿದ್ದ. ಅವಳು ಏನಾದರೊಂದನ್ನು ಕಾರಿನಿಂದ ಇಳಿಸಿ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು.

"ಒಂದು ಹಲ್ಲು ತಪ್ಪಿ ಕೂರಿಸಿದ್ದೆ. ಏರು ಹತ್ತದೇ ಇದ್ದದ್ದು ಅದಕ್ಕೇ," ಎಂದು ಚಂಗಪ್ಪ ಗೇರಿನ ಕಡೆ ನೋಡುತ್ತಲೇ ಹೇಳಿದ. ದೆಹಲಿಯ ಕಾಶ್ಮೀರಿ ಗೇಟಿನ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ತಂದ ಹೊಸ ಗೇರುಗಳನ್ನು ಚುಕ್ಕಿಗೆ ಚುಕ್ಕಿ ತಾಗುವಂತೆ ಕೂರಿಸಿದ. ಟಾರ್ಚಿನ ಬೆಳಕು ಒಂದಿಷ್ಟೂ ಅಲುಗಲಿಲ್ಲ.

"ಅಚ್ಛಾ," ಎಂದಳು ಕಾವೇರಮ್ಮ. "ಹಾಗಾದರೆ ಪಠಾಣ್‌ಕೋಟಿನಲ್ಲಿ ನಮ್ಮಮ್ಮನ ಹೊಲಿಗೆ ಮಷೀನು ಇಳಿಸೋದೇನೂ ಬೇಕಾಗಿರಲಿಲ್ಲ."