ನೆನೆಸಿ ಒಣಗಿಸಿದ ರಾಗಿ

ನೆನೆದ ರಾಗಿಯ ವಾಸನೆ ಬಂದರೆ ನನಗೆ ಈಗಲೂ ಬಾಯಾರುತ್ತದೆ.

ಹುತ್ತೂರಿನ ಮನೆಯಲ್ಲಿ ಅಪ್ಪ ಬಿತ್ತನೆ ರಾಗಿಯನ್ನು ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದ ನೀರಿನಲ್ಲಿ ನೆನೆಹಾಕಿದ್ದರು. ಮಧ್ಯಾಹ್ನ ಅಜ್ಜಿ ಅದನ್ನು ಬಸಿದು, ಮಕ್ಕಳ ಸರಿಹಿಟ್ಟಿಗೆ ಮೊಳಕೆ ಕಟ್ಟುವ ಅಭ್ಯಾಸದಲ್ಲಿ ಬಟ್ಟೆಯೊಳಗೆ ಗಂಟು ಹಾಕತೊಡಗಿದರು.

ಅಪ್ಪ ತಡೆದರು. "ಮೊಳಕೆ ಬಂದ್ರೆ ಬಿತ್ತನೆಗೆ ಆಗಲ್ಲಮ್ಮಾ. ನೆರಳಲ್ಲಿ ಹರವಿ ಒಣಗಿಸ್ಬೇಕು."

"ಒಣಗ್ಸೋದಾದ್ರೆ ನೆನೆಸಿದ್ಯಾಕೋ?" ನನಗೂ ಅದೇ ಕುತೂಹಲ.

"ಕಾಳಿಗೆ ಈಗ್ಲೇ ಬಾಯಾರಿಕೆ ಅಭ್ಯಾಸ ಆದ್ರೆ, ಮಳೆ ತಡವಾದ್ರೂ ಪೈರು ತಡ್ಕೊಳ್ತದೆ."

ತಣ್ಣನೆಯ ಕಾಳನ್ನು ಜಗಲಿಯಲ್ಲಿ ಹರವಿದೆ. ನನಗೂ ಅಭ್ಯಾಸವಾಗುತ್ತದೆಯೇ ನೋಡೋಣವೆಂದು ಸಂಜೆಯವರೆಗೆ ನೀರು ಮುಟ್ಟಲಿಲ್ಲ. ಒಣಗಿದ ತುಟಿ ಕಂಡು ಅಜ್ಜಿ ಕೇಳಿದಾಗ ಹೇಳಿದೆ. ಅವರು ನಗಲಿಲ್ಲ. ಚೊಂಬು ತಂದು ಕೈಗಿಟ್ಟರು.

"ತಡ್ಕೊಳ್ಳೋ ಅಭ್ಯಾಸ ನನಗೆ ಮಾಡ್ಸಿದ್ದೇ ಸಾಕು. ನೀನು ಕುಡಿಯೇ."